‘ಏನೂ ಇಲ್ಲ’ ಎಂದ ಮೇಲೂ ಉಳಿಯುವ ಎದೆನೋವು

ರಾತ್ರಿ ಒಂದೂವರೆಗೆ ಅಕ್ಕನ ಮಗ ಫೋನ್ ಮಾಡಿದ. ‘ಚಿಕ್ಕಮ್ಮ, ಎಡಗಡೆ ಎದೆ ಚುಚ್ತಿದೆ. ಕೈಯೆಲ್ಲ ಜೋಮು ಹಿಡಿದಂಗಾಗ್ತಿದೆ. ಅಮ್ಮಂಗೆ ಮಾತ್ರ ಹೇಳ್ಬೇಡ’ ಅಂದ. ಇಪ್ಪತ್ತಾರರ ಹುಡುಗ, ಬೆಂಗಳೂರಿನ ಪಿ.ಜಿ.ಯೊಂದರಲ್ಲಿದ್ದು ಕಂಪ್ಯೂಟರ್ ಕೆಲಸ ಮಾಡುತ್ತಾನೆ. ನಾನು ಆಟೊ ಹಿಡಿದು ಹೋಗುವಷ್ಟರಲ್ಲಿ ಗೇಟಿನ ಪಕ್ಕದ ಕಟ್ಟೆಯ ಮೇಲೆ ಬೆವತು ಕೂತಿದ್ದ. ಬಲಗೈಯ ಎರಡು ಬೆರಳು ಎಡಗೈ ನಾಡಿಯ ಮೇಲಿದ್ದವು.

ಹತ್ತಿರದ ಆಸ್ಪತ್ರೆಯಲ್ಲಿ ತಕ್ಷಣ ಇಸಿಜಿ ಮಾಡಿದರು. ರಕ್ತ ತೆಗೆದು, ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ನೋಡಿದರು, ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿದರು. ಬೆಳಗಿನ ಜಾವ ಡ್ಯೂಟಿ ಡಾಕ್ಟರು ಬಂದು, ‘ಏನೂ ಇಲ್ಲ, ಎಲ್ಲ ನಾರ್ಮಲ್. ಗ್ಯಾಸ್ ಇರಬೇಕು. ಟೆನ್ಷನ್ ಮಾಡ್ಕೋಬೇಡಿ’ ಎಂದು ಮುಂದಿನ ಹಾಸಿಗೆಗೆ ನಡೆದರು.

ವಾಪಸು ಬರುವಾಗ ಅವನು ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಫೈಲು ತೆಗೆದ. ಅದರಲ್ಲಿ ಆಗಲೇ ಆರು ಇಸಿಜಿ ಇದ್ದವು, ಎಲ್ಲ ಒಂದೂವರೆ ವರ್ಷದೊಳಗಿನವು. ಹಳೆಯವುಗಳ ಗೆರೆ ಮಾಸುತ್ತ ಬಂದಿತ್ತು. ಆ ಗುಲಾಬಿ ಚೌಕಳಿ ಕಾಗದದ ಅಚ್ಚು ಬಹಳ ದಿನ ನಿಲ್ಲುವುದಿಲ್ಲವೆಂದು ಗೊತ್ತಾಗಿ ಪ್ರತಿಯೊಂದರ ಫೋಟೊ ತೆಗೆದಿಟ್ಟುಕೊಂಡಿದ್ದ. ಏಳನೆಯದನ್ನು ಜೋಪಾನವಾಗಿ ಸೇರಿಸಿದ. ‘ಎಲ್ಲದರಲ್ಲೂ ನಾರ್ಮಲ್ ಅಂತಲೇ ಇದೆಯಲ್ಲೋ’ ಅಂದೆ. ‘ಅದೇ ಚಿಕ್ಕಮ್ಮ. ಏನೂ ಇಲ್ಲ ಅಂತಾರೆ. ಹಾಗಾದ್ರೆ ನೋಯ್ತಿರೋದು ಏನು?’

ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಕಳಿಸಿದ್ದರಿಂದಲೇ ಆ ಫೈಲು ದಪ್ಪವಾಗುತ್ತ ಹೋಗಿತ್ತು ಎಂದು ನನಗೆ ಆಮೇಲೆ ಅರ್ಥವಾಯಿತು.

ಇವನಂಥ ಹುಡುಗರ ಭಯ ಎಲ್ಲಿಂದಲೋ ಉದುರಿದ್ದಲ್ಲ. 35ರ ನಟ ಚಿರಂಜೀವಿ ಸರ್ಜಾ 2020ರ ಜೂನ್‌ನಲ್ಲಿ ಹೃದಯಾಘಾತದಿಂದ ಹೋದರು. 2021ರ ಅಕ್ಟೋಬರ್ 29ರಂದು ನಟ ‘ಅಪ್ಪು’ ಪುನೀತ್ ರಾಜ್‌ಕುಮಾರ್ ಹಾಗೆಯೇ ಹೋದರು, 46 ವರ್ಷ. ಕಟ್ಟುಮಸ್ತಾಗಿದ್ದ, ದಿನಾ ವ್ಯಾಯಾಮ ಮಾಡುತ್ತಿದ್ದ ಅಪ್ಪುವಿಗೇ ಹೀಗಾದರೆ ನಮ್ಮ ಪಾಡೇನು ಎಂಬ ಮಾತು ಆಗ ಪ್ರತಿ ಮನೆಯಲ್ಲೂ ಇತ್ತು. ಹೃದಯ ತಪಾಸಣೆಗೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಜನ ಮುಗಿಬಿದ್ದರು. 2025ರ ಮೇ, ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆಯ ಸರದಿ. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಸಾವುಗಳು ಹೃದಯಾಘಾತದ ಹೆಸರಿನಲ್ಲಿ ಸುದ್ದಿಯಾದವು, ಕೆಲವರು ಇನ್ನೂ ಇಪ್ಪತ್ತರ ಆಸುಪಾಸಿನವರು. ಮೈಸೂರಿನ ಜಯದೇವದ ಮುಂದೆ ನಸುಕಿನಲ್ಲೇ ಸಾಲು. ಊರಿಂದ ಅಕ್ಕ ದಿನಕ್ಕೆರಡು ಸಲ ಮಗನಿಗೆ ಫೋನ್ ಮಾಡಿ ‘ಚೆಕ್ ಮಾಡಿಸ್ಕೊಂಡ್ಯಾ?’ ಎಂದು ಕೇಳುತ್ತಿದ್ದುದು ಆಗಲೇ. ಆಮೇಲೆ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಅಧ್ಯಯನ ಮಾಡಿ, ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣಲಿಲ್ಲವೆಂದಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಕಾರಣಗಳತ್ತಲೇ ಬೆರಳು ತೋರಿತು. ಆದರೆ ಸಾವಿನ ಸುದ್ದಿ ತಲುಪಿದ ಮೊಬೈಲುಗಳಿಗೆಲ್ಲ ವರದಿ ತಲುಪಲಿಲ್ಲ.

ಭಯಕ್ಕೆ ಇನ್ನೂ ಗಟ್ಟಿಯಾದ ಆಧಾರವೂ ಇದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ 53ರ ಸುಮಾರಿಗೆ ಆಗುತ್ತದೆ, ಉಳಿದ ದೇಶದವರಿಗಿಂತ ಸುಮಾರು ಆರು ವರ್ಷ ಮೊದಲು. ಹಾಗಾಗಿ ‘ವಯಸ್ಸಿನ ಹುಡುಗ, ನಿಂಗೇನಾಗುತ್ತೆ’ ಎಂದು ಬೆನ್ನು ತಟ್ಟುವುದು ನನಗೆ ಒಪ್ಪಿತವಲ್ಲ. ಮೊದಲ ಸಲ ನೋವು ಬಂದಾಗ ತೋರಿಸಲೇಬೇಕು. ನಾನು ಹೇಳುತ್ತಿರುವುದು ಎರಡನೆಯ, ನಾಲ್ಕನೆಯ, ಏಳನೆಯ ಇಸಿಜಿಯ ಸಂಗತಿ.

ನೋಯುವುದೇನು? ಹೃದಯ ಒಂದು ಪಂಜರದೊಳಗಿದೆ. ಬಹಳ ಸಲ ನೋಯುವುದು ಆ ಪಂಜರ. ಪಕ್ಕೆಲುಬುಗಳು ಎದೆಮೂಳೆಗೆ ಕೂಡುವಲ್ಲಿ ಮೆದುಮೂಳೆಯಿದೆ. ಜಿಮ್‌ನಲ್ಲಿ ಭಾರ ಎತ್ತಿದರೆ, ಜೋರು ಕೆಮ್ಮು ಬಂದು ಹೋದರೆ ಅಲ್ಲಿ ಉರಿಯೂತವಾಗುತ್ತದೆ. ಹಾಸಿಗೆಯ ಮೇಲೆ ಬಾಗಿ ಲ್ಯಾಪ್‌ಟಾಪ್ ನೋಡುತ್ತ ತಿಂಗಳುಗಟ್ಟಲೆ ಕೂತರೆ ಎದೆಯ ಸ್ನಾಯು ಬಿಗಿಯುತ್ತದೆ. ಬೆರಳಿಟ್ಟು ಒತ್ತಿದರೆ ಅದೇ ಜಾಗದಲ್ಲಿ ನೋವು ಸಿಗುತ್ತದೆ. ಇನ್ನೊಂದು, ಉಸಿರೆಳೆದುಕೊಂಡಾಗ ಸೂಜಿ ಚುಚ್ಚಿದಂತೆ ಬಂದು, ಅರೆ ನಿಮಿಷವೋ ಎರಡು ನಿಮಿಷವೋ ಇದ್ದು, ಬಂದಂತೆಯೇ ಹೋಗಿಬಿಡುವ ನೋವು. ನಮ್ಮ ಕಡೆ ಅದಕ್ಕೆ ‘ಚಳುಕು’ ಅನ್ನುತ್ತೇವೆ. ವೈದ್ಯಶಾಸ್ತ್ರ 1955ರಲ್ಲಿ ಅದಕ್ಕೆ ‘ಪ್ರಿಕಾರ್ಡಿಯಲ್ ಕ್ಯಾಚ್’ ಎಂದು ಹೆಸರಿಟ್ಟಿತು. ಮಕ್ಕಳಲ್ಲಿ, ಯುವಕರಲ್ಲಿ ಇದು ಸಾಮಾನ್ಯ. ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ. ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತಿಂದು ಮಲಗುವವರ ಅನ್ನನಾಳಕ್ಕೆ ಹುಳಿರಸ ಏರಿ ಬರುವ ಉರಿಯೂ ಇದೆ. ಅನ್ನನಾಳದ ನರ, ಹೃದಯದ ನರ ಎರಡೂ ಬೆನ್ನುಹುರಿಯ ಒಂದೇ ಮಟ್ಟದಲ್ಲಿ ಸೇರುವುದರಿಂದ ನೋಯುತ್ತಿರುವುದು ಯಾವುದೆಂದು ಮಿದುಳಿಗೂ ಸರಿಯಾಗಿ ಗುರುತು ಸಿಗುವುದಿಲ್ಲ.

ಇವೆಲ್ಲದರ ಮೇಲೆ ಭಯ ಬಂದು ಕೂರುತ್ತದೆ. ಹೆದರಿದವರ ಉಸಿರು ತಮಗೇ ಅರಿವಿಲ್ಲದೆ ಚುರುಕಾಗುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿ ಬೆರಳ ತುದಿ, ತುಟಿ ಜುಮುಜುಮು ಅನ್ನುತ್ತವೆ, ತಲೆ ತೇಲಿದಂತಾಗುತ್ತದೆ. ‘ಕೈ ಜೋಮು ಹಿಡಿದಂಗಾಗ್ತಿದೆ’ ಅಂದನಲ್ಲ, ಅದು ಇದೇ. ಆ ಜೋಮು ಕಂಡು ಭಯ ಇಮ್ಮಡಿಯಾಗುತ್ತದೆ, ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ. ಇದು ನಾಟಕವಲ್ಲ. ಎದೆ ಝಲ್ಲೆನ್ನುವುದು, ಎದೆಗುಂದುವುದು, ಎದೆ ಒಡೆಯುವುದು. ಭಯಕ್ಕೂ ದುಃಖಕ್ಕೂ ಕನ್ನಡ ಮನೆ ಮಾಡಿಕೊಟ್ಟಿರುವುದೇ ಎದೆಯಲ್ಲಿ. ಹಿಂದಿನವರು ಸುಮ್ಮನೆ ಹಾಗೆ ಹೇಳಲಿಲ್ಲ.

ಇದು ಮೊಬೈಲ್ ಕಾಲದ ಕಾಯಿಲೆಯೂ ಅಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆನೋವು, ಡವಡವ, ಏದುಸಿರು ಕಂಡ ವೈದ್ಯ ಜೇಕಬ್ ಮೆಂಡಿಸ್ ಡ ಕೋಸ್ಟಾ 1871ರಲ್ಲಿ ಅದರ ಬಗ್ಗೆ ದೊಡ್ಡ ಪ್ರಬಂಧ ಬರೆದ. ಅನೇಕರ ಹೃದಯದಲ್ಲಿ ದೋಷವೇ ಕಾಣಲಿಲ್ಲ. ಆದರೂ ಅವರು ಸುಳ್ಳು ಹೇಳುತ್ತಿದ್ದಾರೆಂದು ಅವನು ತಳ್ಳಿಹಾಕಲಿಲ್ಲ. ಆ ಗೌರವವನ್ನು ನಮ್ಮ ಮಕ್ಕಳಿಗೂ ತೋರಿಸಬೇಕು.

ಹೊಸದೇನೆಂದರೆ ಕಾವಲು ಕಾಯುವ ಸಲಕರಣೆಗಳು. ನನ್ನ ಅಕ್ಕನ ಮಗನ ಕೈಗಡಿಯಾರ ನಾಡಿಬಡಿತ ತೋರಿಸುತ್ತಿತ್ತು. ಮೀಟಿಂಗಿನಲ್ಲಿ 104, ಮೆಟ್ಟಿಲು ಹತ್ತಿದರೆ 130. ನೋಡಿದರೆ ಹೆದರಿಕೆ, ಹೆದರಿದರೆ ಇನ್ನೂ ಏರಿಕೆ. ಇಸಿಜಿ ನಾರ್ಮಲ್ ಬಂದ ದಿನ ನೆಮ್ಮದಿಯ ನಿದ್ದೆ, ಹದಿನೈದು ದಿನಕ್ಕೆ ಮತ್ತೆ ‘ಆಮೇಲೇನಾದ್ರೂ ಶುರುವಾಗಿದ್ರೆ?’ ಧೈರ್ಯದ ಮಾತು ಮತ್ತೆ ಮತ್ತೆ ಕೇಳುವುದರಿಂದಲೇ ಆತಂಕ ಬೇರು ಬಿಡುತ್ತದೆಂದು ಬ್ರಿಟನ್ನಿನ ಮನೋತಜ್ಞರಾದ ವಾರ್ವಿಕ್ ಮತ್ತು ಸಾಲ್ಕೋವ್‌ಸ್ಕಿಸ್ 1986ರಲ್ಲೇ ಬರೆದರು. ತುರಿಕೆಯಿದ್ದಲ್ಲಿ ಕೆರೆದಂತೆ, ಆ ಕ್ಷಣಕ್ಕೆ ಹಾಯೆನಿಸುತ್ತದೆ, ಗಾಯ ಮಾತ್ರ ಮಾಯುವುದಿಲ್ಲ.

ಇದೇ ಮನೆಯಲ್ಲಿ ಇದಕ್ಕೆ ಪೂರಾ ಉಲ್ಟಾ ಇರುವವರು ನನ್ನ ಭಾವ. ಐವತ್ತೆಂಟು ವರ್ಷ, ಶುಗರ್ ಇದೆ. ತೋಟದಲ್ಲಿ ಎದೆ ಹಿಂಡಿದರೆ ‘ಗ್ಯಾಸು ಬಿಡು’ ಎಂದು ಜೀರಿಗೆ ಕಷಾಯ ಕುಡಿದು ಮಲಗುವವರು. ಮಗನ ಹೃದಯಕ್ಕೆ ಏಳು ಇಸಿಜಿ, ಅಪ್ಪನದಕ್ಕೆ ಒಂದೂ ಇಲ್ಲ. ಅಪ್ಪನಿಗೂ ಮಗನಿಗೂ ಸಲ್ಲುವ ಮಾತು ಇದು: ಎದೆಯ ನಡುವೆ ಭಾರ ಹೇರಿದಂತೆ ಒತ್ತಿ ಹತ್ತು ಹದಿನೈದು ನಿಮಿಷವಾದರೂ ಬಿಡದಿದ್ದರೆ, ದವಡೆಗೆ, ಭುಜಕ್ಕೆ, ಬೆನ್ನಿಗೆ ಹರಡಿದರೆ, ತಣ್ಣನೆಯ ಬೆವರು, ವಾಂತಿ ಜೊತೆಗಿದ್ದರೆ, ನಡೆದಾಗ ಹೆಚ್ಚಿ ಕೂತಾಗ ಇಳಿದರೆ ವಯಸ್ಸು ನೋಡದೆ 108ಕ್ಕೆ ಕರೆ ಮಾಡಬೇಕು. ಆಟವಾಡುವಾಗ ಪ್ರಜ್ಞೆ ತಪ್ಪಿದ ಹುಡುಗರನ್ನು, ವೈರಲ್ ಜ್ವರದ ಬೆನ್ನಿಗೇ ಎದೆನೋವು ಬಂದವರನ್ನು, ಚಿಕ್ಕ ವಯಸ್ಸಿನಲ್ಲೇ ಹಠಾತ್ ಸಾವು ಕಂಡ ಮನೆಯವರನ್ನು ಡಾಕ್ಟರಿಗೆ ತೋರಿಸಲೇಬೇಕು. ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೂರದಿಂದಲೇ ತಜ್ಞರು ನೋಡುತ್ತಾರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆಂಬ ವಾಟ್ಸ್ಯಾಪ್ ಸಂದೇಶವನ್ನು ಮಾತ್ರ ದಯವಿಟ್ಟು ಅಳಿಸಿಹಾಕಿ.

ಹುಡುಗನ ಕಥೆ ತಿರುಗಿದ್ದು ಬಡಾವಣೆಯ ಹಳೆಯ ಡಾಕ್ಟರೊಬ್ಬರ ಹತ್ತಿರ. ಫೈಲನ್ನು ಪೂರ್ತಿ ನೋಡಿದರು, ಮೇಜಿನ ಆಚೆಗಿಟ್ಟರು. ಅಂಗಿ ಬಿಚ್ಚಿಸಿ ಎದೆಮೂಳೆಯ ಎಡಕ್ಕೆ, ಮೂರನೆಯ ಪಕ್ಕೆಲುಬಿನ ಬುಡದಲ್ಲಿ ಹೆಬ್ಬೆರಳು ಒತ್ತಿ ‘ಇಲ್ಲೇ ತಾನೆ?’ ಎಂದರು. ಅವನು ಬೆಚ್ಚಿಬಿದ್ದ. ‘ಹೃದಯವನ್ನ ಬೆರಳಿಂದ ಮುಟ್ಟೋಕಾಗಲ್ಲಪ್ಪ. ನಾನು ಮುಟ್ಟಿದ್ದು ನಿನ್ನ ಪಕ್ಕೆಲುಬು’ ಎಂದರು. ಆಮೇಲೆ, ಹೆದರಿಕೆಗೆ ಬೇರೆ ಚಿಕಿತ್ಸೆಯಿದೆ, ಅದಕ್ಕೆ ನಾಚಿಕೆ ಬೇಡ ಎಂದು ಮನಃಶಾಸ್ತ್ರಜ್ಞರ ಬಳಿ ಕಳಿಸಿದರು. ಅಲ್ಲಿ ಕೊಟ್ಟ ಮೊದಲ ಕೆಲಸ, ಗಡಿಯಾರ ಬಿಚ್ಚಿಡುವುದು. ಎರಡನೆಯದು, ನೋವು ಬಂದಾಗ ಫೋನಿನಲ್ಲಿ ಹುಡುಕದೆ ಹತ್ತು ನಿಮಿಷ ಕಾದು, ಏನಾಯಿತೆಂದು ಬರೆದಿಡುವುದು. ಆದರೆ ಹೊಸ ಬಗೆಯ ನೋವೋ, ಮೇಲೆ ಹೇಳಿದ ಲಕ್ಷಣವೋ ಕಂಡರೆ ಕಾಯುವಂತಿಲ್ಲ ಎಂದೂ ತಿಳಿಸಿದರು. ಇಂಥ ಚಿಕಿತ್ಸೆ ಕೈಹಿಡಿಯುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಿಗೆ ಬರುತ್ತಿದ್ದ 444 ಮಂದಿ ಆತಂಕಿತರ ಮೇಲೆ ನಡೆದ ಪರೀಕ್ಷೆಯಲ್ಲಿ, ತರಬೇತಿ ಪಡೆದ ನರ್ಸ್‌ಗಳು ಕೊಟ್ಟಾಗಲೂ ಇದು ಚೆನ್ನಾಗಿ ಫಲ ಕೊಟ್ಟಿತು.

ಅವನಿಗೆ ಈಗಲೂ ಆಗೀಗ ಚಳುಕು ಬರುತ್ತದೆ. ಎಂಟನೆಯ ಇಸಿಜಿ ಮಾಡಿಸಿಲ್ಲ.

ತುರ್ತು ಘಟಕದ ವೈದ್ಯರಲ್ಲಿ ನನ್ನದೊಂದು ಪ್ರಾರ್ಥನೆ. ರಾತ್ರಿಯಿಡೀ ನೀವು ಎಷ್ಟು ಜನರನ್ನು ನೋಡುತ್ತೀರೆಂದು ಬಲ್ಲೆ. ಆದರೂ ‘ಏನೂ ಇಲ್ಲ’ ಎಂದ ಮೇಲೆ, ನೋಯುತ್ತಿರುವುದು ಏನೆಂದು ಇನ್ನೊಂದೇ ವಾಕ್ಯ ಹೇಳಿ ಕಳಿಸಿ. ಮನೆಯವರಲ್ಲೂ ಒಂದು ಮಾತು: ನಿಮ್ಮ ಮಕ್ಕಳ ಬ್ಯಾಗಿನಲ್ಲಿ ಇಂಥ ಫೈಲು ಕಂಡರೆ ಬೈಯಬೇಡಿ, ನಗಬೇಡಿ. ಅವರ ಪಕ್ಕ ಕೂತು 14416ಕ್ಕೆ ಫೋನ್ ಮಾಡಿಸಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.