ಗ್ರಾಮಾಂತರ ಶಾಲೆಗಳಲ್ಲಿ ಇಂಗ್ಲಿಷು: ಉಪಾಧ್ಯಾಯರ ಸಿದ್ಧತೆಯಲ್ಲಿ ಕನ್ನಡ ವ್ಯಾಕರಣದ ಸ್ಥಾನ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ನೆಯ ಸಾಲಿನಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷು ಒಂದು ಭಾಷಾವಿಷಯವಾಗಿ ಸೇರಿತು. 2019-20ರಲ್ಲಿ ಆಯ್ದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ವಿಭಾಗಗಳೂ ಏರ್ಪಟ್ಟವು. ಮಾಧ್ಯಮವು ಯಾವುದಿರತಕ್ಕದ್ದೆಂಬ ವಾದವನ್ನು ಇಲ್ಲಿ ಎತ್ತುವುದಿಲ್ಲ. ಈ ಭಾಷೆಯನ್ನು ಕಲಿಯುವ ಮಗುವಿಗೆ ಒತ್ತಾಸೆಯಾಗಿ ನಿಲ್ಲಬೇಕಾದ ಉಪಾಧ್ಯಾಯನಿಗೆ ಯಾವ ತಿಳಿವಳಿಕೆಯು ಅವಶ್ಯವೆಂಬುದೇ ಪ್ರಸ್ತುತ ವಿಚಾರ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದ ಮೇಲೆ ಇಂಗ್ಲಿಷಿನ ಬೇಡಿಕೆಯು ಹಳ್ಳಿಗಳವರೆಗೂ ಹಬ್ಬಿದೆ. ಇಂಗ್ಲಿಷು ಪದಗಳು ಅಂಗಡಿಯ ಹಲಗೆಗಳ ಮೇಲೆಯೂ ದೊರೆಯುತ್ತವೆ. ಆದರೆ ಇಂಗ್ಲಿಷು ವಾಕ್ಯವು ಹಳ್ಳಿಯ ಮಗುವಿಗೆ ಬಹುಮಟ್ಟಿಗೆ ಉಪಾಧ್ಯಾಯನ ಬಾಯಿಂದಲೇ ದೊರೆಯತಕ್ಕದ್ದು.

ಉಪಾಧ್ಯಾಯರ ಶಿಕ್ಷಣಕ್ಕಾಗಿ ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಯು ಸ್ಥಾಪಿತವಾಯಿತು. 1986ರ ರಾಷ್ಟ್ರೀಯ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಸಂಸ್ಥೆಗಳು ಹುಟ್ಟಿದವು. 1979ರಿಂದ 1984ರವರೆಗೆ ಎನ್. ಎಸ್. ಪ್ರಭುರವರು ನಡೆಸಿದ ‘ಬೆಂಗಳೂರು ಪ್ರಯೋಗ’ವು ಲೋಕಪ್ರಸಿದ್ಧವಾಗಿದೆ. ನಕ್ಷೆ, ರೈಲಿನ ವೇಳಾಪಟ್ಟಿ ಮೊದಲಾದವುಗಳನ್ನು ಕುರಿತ ಸಮಸ್ಯೆಗಳನ್ನು ಬಿಡಿಸುತ್ತ, ಅರ್ಥದ ಕಡೆಗೆ ಮನಸ್ಸಿಟ್ಟ ಮಗುವು ವ್ಯಾಕರಣವನ್ನು ತಾನೇ ಗ್ರಹಿಸುವುದೆಂಬುದು ಅದರ ತತ್ತ್ವ. ಆದರೆ 1990ರಲ್ಲಿ ಪ್ರಕಟವಾದ ಅಲನ್ ಬೆರೆಟ್ಟರ ಪರಿಶೀಲನೆಯಂತೆ, ಸಾಮಾನ್ಯ ಶಾಲೋಪಾಧ್ಯಾಯರಲ್ಲಿ ಬಹುಮಂದಿ ಆ ಕ್ರಮವನ್ನು ಪೂರ್ಣವಾಗಿ ತಮ್ಮದಾಗಿಸಿಕೊಳ್ಳಲಿಲ್ಲ. ಪದ್ಧತಿಯು ಎಷ್ಟೇ ಉತ್ತಮವಾಗಿರಲಿ, ಅದನ್ನು ಹೊರುವ ಉಪಾಧ್ಯಾಯನಲ್ಲಿ ಆಧಾರವಿರಬೇಕು. ಆ ಆಧಾರದ ಒಂದು ಭಾಗವು ಅವನ ಸ್ವಂತ ಭಾಷೆಯ ಜ್ಞಾನವೆಂಬುದು ನಮ್ಮ ಅಭಿಪ್ರಾಯ.

ಮೊದಲು ಧ್ವನಿಯನ್ನು ನೋಡೋಣ. ಹಳಗನ್ನಡದ ‘ಕಾಲ್’, ‘ಪಾಲ್’ ಎಂಬ ವ್ಯಂಜನಾಂತ ಶಬ್ದಗಳು ಹೊಸಗನ್ನಡದಲ್ಲಿ ‘ಕಾಲು’, ‘ಹಾಲು’ ಎಂದು ಸ್ವರಾಂತವಾದವು. ‘ಕಾರ್’ ಎಂಬುದನ್ನು ‘ಕಾರು’ ಎನ್ನುವ ಮಗುವು ಅದೇ ನಿಯಮವನ್ನು ಪಾಲಿಸುತ್ತಿದೆ. ‘ಶ್ರೀ’ಯು ‘ಸಿರಿ’ಯಾದದ್ದನ್ನೂ ‘ಸ್ಥಾನ’ವು ‘ತಾಣ’ವಾದದ್ದನ್ನೂ ಬಲ್ಲವನಿಗೆ ‘ಇಸ್ಕೂಲು’ ಎಂಬುದು ಅಜ್ಞಾನದ ಗುರುತಾಗಿ ತೋರದು. ಪದದ ಮೊದಲಲ್ಲಿ ಒತ್ತಕ್ಷರವನ್ನು ಸಹಿಸದ ನಾಲಗೆಯ ಸಹಜವ್ಯಾಪಾರವಾಗಿ ತೋರುತ್ತದೆ. ಕೇಶಿರಾಜನು 13ನೆಯ ಶತಮಾನದಲ್ಲಿಯೇ ಅಪಭ್ರಂಶ ಪ್ರಕರಣದಲ್ಲಿ ಇಂಥ ಶಬ್ದವಿಕಾರಗಳನ್ನು ಶಾಸ್ತ್ರಕ್ಕೆ ಒಳಪಡಿಸಿದನು.

ವಾಕ್ಯರಚನೆಯಲ್ಲಿಯೂ ಹೀಗೆಯೇ. ‘ಅವನು ಉಪಾಧ್ಯಾಯ’ ಎಂಬುದು ಕ್ರಿಯಾಪದವಿಲ್ಲದ ಪೂರ್ಣವಾಕ್ಯ. ಆದುದರಿಂದ ‘ಹೀ ಟೀಚರ್’ ಎಂಬ ಬರವಣಿಗೆಯು ಹುಟ್ಟುತ್ತದೆ. ‘ನನಗೆ ಹಸಿವಾಗಿದೆ’ ಎಂಬಲ್ಲಿ ಅನುಭವಿಸುವವನು ಚತುರ್ಥಿಯಲ್ಲಿದ್ದಾನೆ. ಇಂಗ್ಲಿಷಿನಲ್ಲಿ ಅವನೇ ಕರ್ತೃ. ‘ಅವನು ಬಂದಿಲ್ಲವೆ?’ ಎಂದರೆ ನಾವು ‘ಹೌದು, ಬಂದಿಲ್ಲ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅಲ್ಲಿ ‘ನೋ’ ಬರಬೇಕು. ಕಾರಣವನ್ನರಿಯದ ಉಪಾಧ್ಯಾಯನು ಕೆಂಪುಗೆರೆಯನ್ನೆಳೆದು ಮುಂದೆ ಹೋಗುತ್ತಾನೆ. ಎರಡು ಮೂರು ಬಾರಿ ಹೀಗಾದ ಮೇಲೆ ಮಗುವು ಬಾಯಿ ತೆರೆಯುವುದನ್ನೇ ಬಿಡುತ್ತದೆ. ತಪ್ಪಿಗಿಂತ ಈ ಮೌನವೇ ಹೆಚ್ಚಿನ ನಷ್ಟ.

ಆದರೆ ಎಲ್ಲ ತಪ್ಪುಗಳೂ ಮಾತೃಭಾಷೆಯಿಂದ ಬಂದವಲ್ಲ. ‘ವೆಂಟ್’ ಎನ್ನಬೇಕಾದಲ್ಲಿ ‘ಗೋಡ್’ ಎನ್ನುವುದು ಇಂಗ್ಲೆಂಡಿನ ಶಿಶುಗಳಲ್ಲಿಯೂ ಉಂಟು. ಅದು ನಿಯಮವನ್ನು ಕಂಡುಕೊಂಡ ಬುದ್ಧಿಯ ಲಕ್ಷಣ. ಮತ್ತು ಈ ತಾಲ್ಲೂಕುಗಳಲ್ಲಿ ಎಲ್ಲರ ಮನೆಮಾತೂ ಕನ್ನಡವಲ್ಲ. ತೆಲುಗು ಮನೆಯ ಮಗುವಿಗೆ ಪದಾಂತ್ಯಸ್ವರವೂ ಕ್ರಿಯಾಪದದ ಲೋಪವೂ ಕನ್ನಡದ ಮಗುವಿನಂತೆಯೇ ಸಹಜ. ಉರ್ದು ಮನೆಯ ಮಗುವಿಗಾದರೋ ವ್ಯಂಜನಾಂತ ಪದಗಳು ಪರಿಚಿತ. ‘ಹೈ’ ಎಂಬ ಕ್ರಿಯಾಪದವು ‘ಈಸ್’ ಎಂಬುದಕ್ಕೆ ದಾರಿಯನ್ನು ತೋರಿಸುತ್ತದೆ. ಒಂದೇ ಬೆಂಚಿನ ಇಬ್ಬರಿಗೆ ಒಂದೇ ತಿದ್ದುಪಡಿಯು ಒಪ್ಪುವುದಿಲ್ಲ.

ಆದಕಾರಣ ಉಪಾಧ್ಯಾಯರ ಶಿಕ್ಷಣದಲ್ಲಿ ಮೂರು ಅಭ್ಯಾಸಗಳಿಗೆ ಸ್ಥಳವಿರತಕ್ಕದ್ದು: ಪ್ರತಿಪಾಠದ ಮುಖ್ಯವಾಕ್ಯಗಳನ್ನು ಎರಡು ಭಾಷೆಗಳಲ್ಲಿಯೂ ಎದುರುಬದುರಾಗಿ ಬರೆದು ನೋಡುವುದು, ಮಕ್ಕಳ ತಪ್ಪುಗಳನ್ನು ಕೂಡಿಟ್ಟು ಧ್ವನಿ, ರಚನೆ, ಸಹಜ ಬೆಳವಣಿಗೆ ಎಂದು ವಿಂಗಡಿಸುವುದು, ಕನ್ನಡದಲ್ಲಿ ಚುಟುಕಾಗಿ ವಿವರಿಸಿ, ಆಮೇಲೆ ಇಂಗ್ಲಿಷನ್ನು ಧಾರಾಳವಾಗಿ ಕೇಳಿಸಿ ಆಡಿಸುವುದು. ಈ ವ್ಯಾಕರಣವು ಮಗುವಿಗೆ ಉಪದೇಶಿಸುವುದಕ್ಕಲ್ಲ. ಉಪಾಧ್ಯಾಯನ ಕಣ್ಣು ತೆರೆಯುವುದಕ್ಕೆ. ಪ್ರಭುರವರ ತತ್ತ್ವಕ್ಕೆ ಇದರಿಂದ ವಿರೋಧವಿಲ್ಲ, ಬೆಂಬಲವೇ ಉಂಟು.

ಈ ಸಿದ್ಧತೆಯನ್ನು ಇಂಗ್ಲಿಷು ಪಂಡಿತರೊಬ್ಬರಿಗೇ ಬಿಡತಕ್ಕದ್ದಲ್ಲ. ಕನ್ನಡದ ವಿದ್ವಾಂಸರೂ ಅಧ್ಯಾಪಕರೂ ಶಿಕ್ಷಣ ಸಂಸ್ಥೆಗಳಲ್ಲಿ ಪಾಲುಗೊಂಡು, ಕನ್ನಡ ಇಂಗ್ಲಿಷುಗಳ ಭೇದಗಳನ್ನು ಪ್ರಾಥಮಿಕ ಶಾಲೆಯ ಅಳತೆಗೆ ತಕ್ಕಂತೆ ಬರೆದುಕೊಟ್ಟರೆ, ಇಂಗ್ಲಿಷು ಕಲಿಯುವ ಮಗುವಿಗೂ ಕನ್ನಡದ ಶಾಸ್ತ್ರಕ್ಕೂ ಏಕಕಾಲದಲ್ಲಿ ಉಪಕಾರವಾಗುವುದು.