ಒಡೇರ ಕೊಳಗ, ಒಕ್ಕಲ ಓಟು

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಗಡಿಯಂಚಿನ ಹಳ್ಳಿಯೊಂದರಲ್ಲಿ ಸಮಾಜವಾದಿಗಳ ಕತೆ ಕೇಳಲು ಹೋದರೆ, ಮನೆಯ ಅಜ್ಜ ಮಾತಿಗೆ ಮೊದಲು ಅಟ್ಟದಿಂದ ಒಂದು ಕೊಳಗ ಇಳಿಸಿದರು. ಬಾಯಿಗೆ ಹಿತ್ತಾಳೆ ಪಟ್ಟಿ, ಒಳಗೆ ಜೇಡರ ಬಲೆ. ಗೇಣಿ ಭತ್ತ ಅಳೆಯುತ್ತಿದ್ದ ಕೊಳಗ.

'ಒಡೇರು ಕೊಡೂ ಕೊಳಗ ಬ್ಯಾರೆ, ತಗಳೂ ಕೊಳಗ ಬ್ಯಾರೆ' ಎಂದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗ ಅರ್ಧ ಸೇರು ಹೆಚ್ಚು ಹಿಡಿದರೂ ಖಂಡುಗಕ್ಕೆ ಹತ್ತು ಸೇರು ಹೋಯಿತು. ಅದರ ಮೇಲೆ ತಲೆ ತಟ್ಟದೆ ರಾಶಿ ಏರಿಸಿ ಅಳೆದರೆ ಕಣದಲ್ಲಿ ಉಳಿಯುವುದು ಹೊಟ್ಟು.

ಈ ಕೊಳಗದ ಜಗಳವೇ ಪಕ್ಕದ ಸಾಗರ ಸೀಮೆಯಲ್ಲಿ ಕಾಗೋಡು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪ 1948ರಲ್ಲಿ ರೈತ ಸಂಘ ಕಟ್ಟಿದ್ದರು. 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಗದ್ದೆಗಿಳಿದರು. ಜೂನ್‌ನಲ್ಲಿ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನು ಸಾಗರದ ರೈಲು ನಿಲ್ದಾಣದಲ್ಲೇ ಬಂಧಿಸಿದರು. ಮರುವರ್ಷ ಅದೇ ಸೀಮೆಯ ಮತದಾರರು ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಅಲ್ಲಿನ ಒಕ್ಕಲು ಮಕ್ಕಳು ಒಡೆಯರ ಇಚ್ಛೆಗೆ ವಿರುದ್ಧವಾಗಿ ಓಟು ಹಾಕಿದ್ದು ಸಣ್ಣ ಸಂಗತಿಯಲ್ಲ.

ಸಿದ್ದಾಪುರ ಆಗ ಮುಂಬೈ ರಾಜ್ಯ, ಸಾಗರ ಮೈಸೂರು. ಆದರೆ ನೆಂಟಸ್ತನಕ್ಕೆ ಗಡಿ ಎಲ್ಲಿಯದು? ಹೆಣ್ಣು ಕೊಟ್ಟು ತಂದ ಮನೆಗಳ ಮೂಲಕ, ಮದುವೆ ಚಪ್ಪರದಲ್ಲಿ, ಸುದ್ದಿ ಈ ಕಡೆಗೆ ದಾಟಿತು ಎನ್ನುತ್ತಾರೆ ಅಜ್ಜ. ಘಟ್ಟದ ಕೆಳಗೆ ದಿನಕರ ದೇಸಾಯಿಯವರ ರೈತಕೂಟ ಇನ್ನೂ ಮೊದಲಿನದು. ಆ ಕೆಲಸಕ್ಕಾಗಿ 1940ರಲ್ಲಿ ಬ್ರಿಟಿಷರು ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. ಚುಟುಕ ಕವಿಯೆಂದಷ್ಟೇ ಅವರನ್ನು ನೆನೆಯುವ ನಮ್ಮ ಪಠ್ಯಪುಸ್ತಕಗಳ ಬಗ್ಗೆ ನನಗೆ ತಕರಾರಿದೆ. 1967ರಲ್ಲಿ ಕೆನರಾದಿಂದ ದೇಸಾಯಿ ಪಕ್ಷೇತರರಾಗಿ, ಶಿವಮೊಗ್ಗದಿಂದ ಸಮಾಜವಾದಿ ಜೆ.ಎಚ್. ಪಟೇಲರು, ಇಬ್ಬರೂ ಲೋಕಸಭೆಗೆ ಹೋದರು.

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಮಾತ್ರ ಪಕ್ಷವಾಗಿ ಸಮಾಜವಾದಿಗಳು ಆಳವಾಗಿ ಬೇರು ಬಿಡಲಿಲ್ಲ. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆಯಲ್ಲಿ ಆಸ್ತಿ ಕಳೆದುಕೊಂಡ ಮನೆತನಗಳಿಂದಾಗಿ ಕಾಂಗ್ರೆಸ್ಸಿಗಿದ್ದ ಗೌರವ ಒಂದು ಕಾರಣ. ಆಮೇಲೆ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ 1983ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಹಳೇ ಸಮಾಜವಾದಿ ಪಟೇಲರು ಅವರ ಸಂಪುಟದಲ್ಲಿ ಸಚಿವರಾದರು.

ಅಜ್ಜನ ಸರದಿ ಬಂದದ್ದು 1974ರಲ್ಲಿ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಮಾರ್ಚ್ 1ರಂದು ಜಾರಿಯಾಯಿತು. ಉಳುವ ಭೂಮಿಯ ಒಡೆತನಕ್ಕೆ ಗೇಣಿದಾರ ಏಳನೇ ನಮೂನೆ ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ವಕೀಲರಿಗೆ ಅಲ್ಲಿ ಆರಂಭದಲ್ಲಿ ಪ್ರವೇಶವಿರಲಿಲ್ಲ. ಹಾಗಾಗಿ ಅಕ್ಷರ ಬಲ್ಲವನೇ ವಕೀಲ. ಏಳನೆಯ ಇಯತ್ತೆ ಓದಿದ್ದ ಅಜ್ಜ ಚಿಮಣಿ ದೀಪದಲ್ಲಿ ಕೂತು ಊರವರ ಅರ್ಜಿ ತುಂಬಿದರು: ಸರ್ವೆ ನಂಬರು, ಚಕ್ಕುಬಂದಿ, ಎಷ್ಟು ವರ್ಷದ ಗೇಣಿ. ಚೀಟಿ ಕೊಡದ ಒಡೆಯರಿದ್ದಲ್ಲಿ ಪಕ್ಕದ ಗದ್ದೆಯವನೇ ಸಾಕ್ಷಿ. ಹೆದರಿ ಹಿಂದೆ ಸರಿದವರೂ ಇದ್ದರು. 'ಅವರ ಮೊಮ್ಮಕ್ಳು ಈಗ ಬೆಂಗ್ಳೂರಲ್ಲಿ ಹೋಟೆಲ್ ಕೆಲಸ ಮಾಡ್ತ್ರು' ಎಂದು ಸುಮ್ಮನಾದರು.

ಗದ್ದೆ ದಕ್ಕಿತು. ಗದ್ದೆಯ ಮೇಲಿನ ಅರಣ್ಯ ಭೂಮಿಯಲ್ಲಿ ಕಟ್ಟಿದ ಮನೆ, ತೋಟ ಇನ್ನೂ ಅತಿಕ್ರಮಣವೇ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ದಾಖಲೆ ಕೇಳುತ್ತದೆ. ಗೇಣಿ ಚೀಟಿಯನ್ನೇ ಕೊಡದ ಕಾಲದ ದಾಖಲೆ ಎಲ್ಲಿಂದ ತರುವುದು? ಯಲ್ಲಾಪುರದ ಕಾಡಂಚಿನಲ್ಲೂ ಇದೇ ಗೋಳು. ಪ್ರತಿ ಚುನಾವಣೆಯಲ್ಲೂ ಸಕ್ರಮದ ಭರವಸೆ ಎಲ್ಲ ಪಕ್ಷಗಳ ಬಾಯಲ್ಲಿ ಬರುತ್ತದೆ, ಆದರೆ ರಾತ್ರಿ ಕೂತು ಅರ್ಜಿ ತುಂಬಿಕೊಡುವ ಕಾರ್ಯಕರ್ತರು ಕಡಿಮೆ.

ಕಳೆದ ಸಲ ಓಟು ಕೇಳಲು ಬಂದವರೆಲ್ಲರಿಗೂ ಅಜ್ಜ ಚಾ ಕೊಟ್ಟು, ಮೊಮ್ಮಗನ ಅರಣ್ಯ ಹಕ್ಕಿನ ಅರ್ಜಿಯ ಸ್ವೀಕೃತಿ ಚೀಟಿ ಮುಂದಿಟ್ಟರಂತೆ. ಎಲ್ಲರೂ ಅದರ ಫೋಟೊ ತೆಗೆದುಕೊಂಡು ಹೋಗಿದ್ದಾರೆ.