ಶೇಂಗಾದ ವಿಷ ಪತ್ತೆಗೆ ಚಿನ್ನದ ಪೊರೆ



ನೋಡಲು ಚೆನ್ನಾಗಿರುವ ಶೇಂಗಾ ಕೂಡ ಪರೀಕ್ಷೆಯಲ್ಲಿ ತಿರಸ್ಕೃತವಾಗಬಹುದು. ಆಸ್ಪರ್ಜಿಲಸ್ ಎಂಬ ಬೂಷ್ಟು ಉತ್ಪಾದಿಸುವ ಅಫ್ಲಾಟಾಕ್ಸಿನ್ ವಿಷವು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಐರೋಪ್ಯ ಒಕ್ಕೂಟದಲ್ಲಿ, ನೇರವಾಗಿ ತಿನ್ನುವ ಶೇಂಗಾದಲ್ಲಿ ಇದು ಕಿಲೋಗೆ 4 ಮೈಕ್ರೋಗ್ರಾಂ ಮೀರುವಂತಿಲ್ಲ. ಅಂದರೆ ಒಂದು ಟನ್ನಿಗೆ 4 ಮಿಲಿಗ್ರಾಂ ಮಾತ್ರ!

ಇಷ್ಟು ಅಲ್ಪ ಪ್ರಮಾಣವನ್ನು ಗುರುತಿಸಬಲ್ಲ ವಿಧಾನಗಳಲ್ಲಿ 'ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್' ಒಂದು. 1983ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ಜೈವಿಕ ಪರೀಕ್ಷೆಗೆ ಬಳಸಿ ತೋರಿಸಿದರು. ಗಾಜಿನ ಪಟ್ಟಕದ ಮೇಲೆ ಸುಮಾರು 50 ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ 20,000ದಲ್ಲಿ ಒಂದು ಭಾಗ, ದಪ್ಪದ ಚಿನ್ನದ ಪೊರೆ ಇರುತ್ತದೆ. ಗಾಜಿನ ಕಡೆಯಿಂದ ಬೆಳಕು ಹಾಯಿಸಿದರೆ, ಒಂದು ನಿರ್ದಿಷ್ಟ ಕೋನದಲ್ಲಿ ಅದು ಹಿಂತಿರುಗದೆ ಲೋಹದಲ್ಲಿ ಲೀನವಾಗುತ್ತದೆ. ಪೊರೆಯ ಮೇಲಿನ ಪ್ರತಿಕಾಯಗಳಿಗೆ ವಿಷದ ಅಣು ಅಂಟಿದಾಗ ಈ ಕೋನ ಸರಿಯುತ್ತದೆ.

ಅಫ್ಲಾಟಾಕ್ಸಿನ್ ಅಣು ಬಹಳ ಚಿಕ್ಕದು. ಕೋನ ಸರಿಯುವುದೂ ಅತ್ಯಲ್ಪ. ಆದ್ದರಿಂದಲೇ ಪೊರೆಯ ವಸ್ತು ಮುಖ್ಯ. ಬೆಳ್ಳಿಯಲ್ಲಿ ಆ ಕೋನ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಮನೆಯ ಬೆಳ್ಳಿ ಲೋಟದಂತೆ ಅದು ಕಪ್ಪಾಗುತ್ತದೆ. ಹಾಗಾಗಿ ಬೆಳ್ಳಿಯ ಮೇಲೆ ತೆಳುವಾಗಿ ಚಿನ್ನ ಹೊದಿಸುವುದುಂಟು. ಇಂಗಾಲದ ಒಂದೇ ಪರಮಾಣು ದಪ್ಪದ ಗ್ರಾಫೀನ್ ಹಾಳೆ ಹೊದಿಸಿದರೆ ಅಣುಗಳು ಚೆನ್ನಾಗಿ ಅಂಟುತ್ತವೆ. ಪದರ ಹೆಚ್ಚಾದರೆ ಸ್ಪಷ್ಟತೆ ಕುಗ್ಗುತ್ತದೆ.

ಆದರೆ ಯಾವ ಉಪಕರಣವೂ ಕಾಳಿಗೆ ಸೇರಿದ ವಿಷವನ್ನು ತೆಗೆಯಲಾರದು. ಕಿತ್ತ ಕಾಯಿಯನ್ನು ಕೂಡಲೇ ಬಿಸಿಲಿಗೆ ಹರಡಿ, ಅಲುಗಾಡಿಸಿದರೆ ಬೀಜ ಸದ್ದು ಮಾಡುವವರೆಗೆ ಒಣಗಿಸಿರಿ. ಒಡೆದ, ಬೂಷ್ಟು ಹಿಡಿದ ಕಾಯಿಗಳನ್ನು ಆರಿಸಿ ತೆಗೆಯಿರಿ. ಅವುಗಳನ್ನು ದನಗಳಿಗೂ ಹಾಕಬೇಡಿರಿ.